ಹಗಲು ಚಂದ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಎಂಟರ ಹೊತ್ತು. ಮಗಳ ಜೊತೆ ಶಾಲೆಯ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಎದುರು ಮನೆಯ ತೆಂಗಿನ ಮರದ ಪಕ್ಕ, ಪಶ್ಚಿಮದಲ್ಲಿ, ಬಿಳಿಚಿಕೊಂಡ ಚಂದ್ರ. ಮಗಳು ಕೇಳಿದಳು: "ಅಪ್ಪಾ, ಚಂದಮಾಮ ಮನೆಗೆ ಹೋಗೋದು ಮರೆತುಬಿಟ್ನಾ?" ಅವತ್ತಿನಿಂದ ಹಗಲು ಚಂದ್ರನನ್ನು ಹುಡುಕುವುದು ನಮ್ಮಿಬ್ಬರಿಗೂ ಅಭ್ಯಾಸವಾಗಿದೆ. ಅವಳು, ಅವಳ ಗೆಳತಿಯರು, ಅಕ್ಕಪಕ್ಕದವರು, ನೆಂಟರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಜಾಸ್ತಿ ಜನ ಕೇಳಿದ್ದು ಮೊದಲು.

ಹಗಲಲ್ಲಿ ಚಂದ್ರ ಕಾಣುವುದು ಅಪರೂಪವೇ?

ಇಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಅದರಲ್ಲಿ ಸುಮಾರು 25 ದಿನ ಹಗಲಿನ ಯಾವುದಾದರೂ ಒಂದು ಹೊತ್ತಿನಲ್ಲಿ ಚಂದ್ರ ನೋಡಲು ಸಿಗುತ್ತಾನೆ. ತಪ್ಪಿಹೋಗುವುದು ಅಮಾವಾಸ್ಯೆಯ ಹಿಂದೆಮುಂದಿನ ಎರಡು ಮೂರು ದಿನ, ಮತ್ತೆ ಹುಣ್ಣಿಮೆಯ ಆಸುಪಾಸು. ಇಡೀ ತಿಂಗಳಿನ ಲೆಕ್ಕ ಹಾಕಿದರೆ ಅವನು ರಾತ್ರಿ ಎಷ್ಟು ಹೊತ್ತು ಆಕಾಶದಲ್ಲಿ ಇರುತ್ತಾನೋ ಹಗಲಲ್ಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಇರುತ್ತಾನೆ. ನಾವು ತಲೆ ಎತ್ತಿ ನೋಡುವುದಿಲ್ಲ, ಅಷ್ಟೇ.

ಮಕ್ಕಳ ಚಿತ್ರಪುಸ್ತಕಗಳಲ್ಲಿ ಹಗಲು ಅಂದರೆ ಸೂರ್ಯ, ರಾತ್ರಿ ಅಂದರೆ ಚಂದ್ರ. ಅದರಲ್ಲಿ ಅರ್ಧ ಮಾತ್ರ ನಿಜ. ಸೂರ್ಯ ಇದ್ದರೇ ಹಗಲು, ಸರಿ. ಚಂದ್ರನಿಗೂ ರಾತ್ರಿಗೂ ಅಂಥ ನಂಟಿಲ್ಲ. ಅವನು ಭೂಮಿಯ ಸುತ್ತ ತನ್ನ ದಾರಿಯಲ್ಲಿ ಹೋಗುತ್ತಿರುತ್ತಾನೆ. ಅದರಿಂದ ದಿನವೂ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹೀಗೆ ತಡವಾಗುತ್ತಾ ಆಗುತ್ತಾ ಮಧ್ಯಾಹ್ನ, ಸಂಜೆ, ನಡುರಾತ್ರಿ, ಬೆಳಗಿನ ಜಾವ ಎಲ್ಲವನ್ನೂ ಒಂದು ಸುತ್ತು ಮುಗಿಸುತ್ತಾನೆ. ನಮ್ಮ ಭಾಷೆಯಲ್ಲಿ ಚಂದ್ರನಿಗೂ ಮಾಸಕ್ಕೂ 'ತಿಂಗಳು' ಅನ್ನುವ ಒಂದೇ ಹೆಸರು ಬಂದಿದ್ದು ಈ ಸುತ್ತಿನಿಂದಲೇ ಅಲ್ವಾ!

ನಕ್ಷತ್ರಗಳು ಹಗಲಲ್ಲಿ ಕಾಣುವುದಿಲ್ಲ. ಚಂದ್ರ ಮಾತ್ರ ಹೇಗೆ ಕಾಣುತ್ತಾನೆ?

ನಕ್ಷತ್ರ ನಮ್ಮ ಕಣ್ಣಿಗೆ ಬರೀ ಒಂದು ಚುಕ್ಕೆ. ಹಗಲಿನ ನೀಲಿ ಬೆಳಕಿನ ನಡುವೆ ಆ ಚುಕ್ಕೆ ಕರಗಿಹೋಗುತ್ತದೆ. ಚಂದ್ರ ಚುಕ್ಕೆಯಲ್ಲ, ಬಿಸಿಲು ಬಿದ್ದ ನೆಲ. ಆ ನೆಲದ ಬೆಳಕು ಸುತ್ತಲಿನ ನೀಲಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಅಷ್ಟು ಸಾಕು.

ಚಂದ್ರನ ನೆಲ ನಿಜಕ್ಕೂ ಬೆಳ್ಳಗಿಲ್ಲ ಅನ್ನುವುದು ಹಲವರಿಗೆ ಆಶ್ಚರ್ಯ. ಅದು ಹಳೆಯ ಡಾಂಬರು ರಸ್ತೆಯ ಹಾಗೆ ಮಾಸಲು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಪಾಲು ಮಾತ್ರ ವಾಪಸ್ ಕಳಿಸುತ್ತದೆ. ಆದರೆ ನಮ್ಮ ರಸ್ತೆಯ ಮೇಲೆ ಬೀಳುವ ಬಿಸಿಲೇ ಅಲ್ಲೂ ಬೀಳುವುದು. ಮಧ್ಯಾಹ್ನ ಹನ್ನೆರಡಕ್ಕೆ ಡಾಂಬರು ರಸ್ತೆ ಕಣ್ಣಿಗೆ ಕಾಣುತ್ತದೆ ತಾನೇ? ಹಾಗೆಯೇ ಚಂದ್ರನೂ.

ಎಲ್ಲ ದಿನವೂ ಒಂದೇ ಸಮ ಕಾಣುವುದಿಲ್ಲ. ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧದಷ್ಟು ಇರಬೇಕು ಅನ್ನಿಸುತ್ತದೆ. ಹಾಗಿಲ್ಲ. ಸುಮಾರು ಹತ್ತನೆಯ ಒಂದು ಪಾಲು ಅಷ್ಟೇ. ಬಿಸಿಲು ಓರೆಯಾಗಿ ಬಿದ್ದಾಗ ಅಲ್ಲಿನ ಗುಡ್ಡ, ಗುಂಡಿ, ಕಲ್ಲು, ದೂಳಿನ ಕಣ ಎಲ್ಲದರ ನೆರಳೂ ನಮಗೆ ಕಾಣುತ್ತದೆ. ಆ ನೆರಳುಗಳೇ ಬೆಳಕನ್ನು ನುಂಗುತ್ತವೆ.

ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಡೆ ನೋಡಬೇಕು?

ಇದಕ್ಕೆ ಮೊಬೈಲ್ ಆ್ಯಪ್ ಬೇಕಿಲ್ಲ. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಅದರಲ್ಲಿ ತಿಥಿ ಇರುತ್ತದಲ್ಲ, ಅದು ಪೂಜೆ, ಮುಹೂರ್ತಕ್ಕೆ ಮಾತ್ರ ಅಂತ ಅಂದುಕೊಂಡಿದ್ದೇವೆ. ತಿಥಿ ಅಂದರೆ ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದಿದ್ದಾನೆ ಅನ್ನುವ ಅಳತೆ. 12 ಡಿಗ್ರಿ ಸರಿದರೆ ಒಂದು ತಿಥಿ. 30 ತಿಥಿಗೆ 360 ಡಿಗ್ರಿ, ಒಂದು ಪೂರ್ತಿ ಸುತ್ತು.

ಆಕಾಶ 12 ಡಿಗ್ರಿ ತಿರುಗಲು 48 ನಿಮಿಷ ಬೇಕು. ಹಳೆಯ ಲೆಕ್ಕದಲ್ಲಿ 24 ನಿಮಿಷಕ್ಕೆ ಒಂದು ಗಳಿಗೆ. ಹಾಗಾಗಿ ತಿಥಿಗೆ ಎರಡು ಗಳಿಗೆ ಅಂತ ನೆನಪಿಟ್ಟುಕೊಳ್ಳಿ. ಉಳಿದದ್ದು ಬಾಯಿಲೆಕ್ಕ.

ಶುಕ್ಲಪಕ್ಷದಲ್ಲಿ ಸೂರ್ಯ ಹುಟ್ಟಿ ತಿಥಿಗೆ 48 ನಿಮಿಷದಂತೆ ಕಳೆದ ಮೇಲೆ ಚಂದ್ರ ಪೂರ್ವದಲ್ಲಿ ಹುಟ್ಟುತ್ತಾನೆ. ಪಂಚಮಿಯಾದರೆ ಐದು ಸಲ 48, ಅಂದರೆ ನಾಲ್ಕು ಗಂಟೆ. ಸೂರ್ಯ ಆರಕ್ಕೆ ಹುಟ್ಟಿದರೆ ಚಂದ್ರ ಹತ್ತಕ್ಕೆ. ಅಷ್ಟಮಿಗೆ ಹೆಚ್ಚುಕಡಿಮೆ ಮಧ್ಯಾಹ್ನ. ಕೃಷ್ಣಪಕ್ಷದಲ್ಲಿ ಇದೇ ಲೆಕ್ಕ, ಆದರೆ ಹುಟ್ಟುವುದಕ್ಕಲ್ಲ, ಪಶ್ಚಿಮದಲ್ಲಿ ಮುಳುಗುವುದಕ್ಕೆ. ಬಹುಳ ಚೌತಿಯ ಚಂದ್ರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮುಳುಗುತ್ತಾನೆ. ಬಹುಳ ಅಷ್ಟಮಿಯವನು ಹನ್ನೆರಡು ದಾಟಿದ ಮೇಲೆ.

ಋತುವಿಗೆ ತಕ್ಕಂತೆ ಇದು ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಂದೆಮುಂದೆ ಆಗುತ್ತದೆ. ಹುಡುಕುವುದಕ್ಕೆ ಅಷ್ಟು ವ್ಯತ್ಯಾಸ ಅಡ್ಡಿಯಿಲ್ಲ. ಶುಕ್ಲಪಕ್ಷದಲ್ಲಿ ಸಂಜೆ ಮುಂಚೆ ನೋಡಿ, ಕೃಷ್ಣಪಕ್ಷದಲ್ಲಿ ಬೆಳಿಗ್ಗೆ ನೋಡಿ. ಮೊದಲ ಸಲ ಹುಡುಕುವವರಿಗೆ ಅಷ್ಟಮಿಯಿಂದ ದ್ವಾದಶಿಯವರೆಗಿನ ಶುಕ್ಲಪಕ್ಷದ ದಿನಗಳು ಚೆನ್ನ. ನಾಲ್ಕರಿಂದ ಆರು ಗಂಟೆಯೊಳಗೆ ಪೂರ್ವ ಅಥವಾ ದಕ್ಷಿಣದ ಕಡೆ ಎದ್ದು ಕಾಣುತ್ತಾನೆ. ಬೇಗ ಏಳುವವರಿಗೆ ಬಹುಳ ತದಿಗೆಯಿಂದ ದಶಮಿಯವರೆಗಿನ ಬೆಳಗು.

ಮಳೆ ಹೊಯ್ದು ಬಿಟ್ಟ ಮಾರನೆಯ ದಿನ ದೂಳೆಲ್ಲ ತೊಳೆದು ಆಕಾಶ ಕಡುನೀಲಿ ಆಗಿರುತ್ತದೆ. ಆಗ ಚಂದ್ರ ಸುಣ್ಣ ಬಳಿದ ಹಾಗೆ ಕಾಣುತ್ತಾನೆ. ಏಪ್ರಿಲ್‌ನ ಮಬ್ಬು ಆಕಾಶದಲ್ಲಿ ಕಣ್ಣಿಗೆ ಸ್ವಲ್ಪ ಕೆಲಸ ಜಾಸ್ತಿ.

ಹಬ್ಬದ ದಿನಗಳಲ್ಲಿ ನೋಡಬಹುದಾ? ಆಗ ಎಲ್ಲರೂ ಮನೆಯಲ್ಲಿ ಇರುತ್ತಾರೆ.

ಖಂಡಿತ. ನಮ್ಮ ಹಬ್ಬಗಳು ತಿಥಿಯ ಮೇಲೆ ನಿಂತಿವೆ. ಅದಕ್ಕೇ ಒಂದು ಹಬ್ಬದ ದಿನ ಚಂದ್ರ ಎಲ್ಲಿದ್ದನೋ, ಮುಂದಿನ ವರ್ಷ ಅದೇ ಹಬ್ಬಕ್ಕೆ ಸುಮಾರು ಅಲ್ಲೇ ಇರುತ್ತಾನೆ.

ಯುಗಾದಿಯ ಮಾರನೆಯ ಸಂಜೆ ಬಿದಿಗೆ ಚಂದ್ರನನ್ನು ನೋಡುವ ರೂಢಿ ಎಷ್ಟೋ ಊರುಗಳಲ್ಲಿದೆ. ಅವನನ್ನು ಅಲ್ಲಿಗೇ ಬಿಡಬೇಡಿ. ಮುಂದೆ ಒಂದು ವಾರ ದಿನಾ ಸಂಜೆ ಐದಕ್ಕೆ ನೋಡುತ್ತಾ ಬನ್ನಿ. ರಾಮನವಮಿಯ ಪಾನಕ, ಕೋಸಂಬರಿ ಮುಗಿಸಿ ಮಲಗಿ ಎದ್ದ ಹೊತ್ತಿಗೆ ಅವನು ಪೂರ್ವದಲ್ಲಿ ಎತ್ತರಕ್ಕೆ ಬಂದಿರುತ್ತಾನೆ. ಆ ತಿಂಗಳಲ್ಲಿ ಶುಕ್ಲಪಕ್ಷದ ಅರ್ಧಚಂದ್ರ ಕರ್ನಾಟಕದಲ್ಲಿ ಸಂಜೆಗೆ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ.

ವಿಜಯದಶಮಿ ಶುಕ್ಲಪಕ್ಷದ ಹತ್ತನೆಯ ತಿಥಿ. ಲೆಕ್ಕ ಹಾಕಿ: ಹತ್ತು ಸಲ 48, ಎಂಟು ಗಂಟೆ. ಮಧ್ಯಾಹ್ನ ಎರಡು, ಎರಡೂವರೆಗೆ ಚಂದ್ರೋದಯ. ಮೈಸೂರಿನಲ್ಲಿ ಜಂಬೂ ಸವಾರಿ ಹೊರಟು ಜನ ಆನೆಯ ಮೇಲಿನ ಅಂಬಾರಿ ನೋಡುತ್ತಿರುವಾಗ, ಐದರ ಹೊತ್ತಿಗೆ, ಆಗ್ನೇಯ ದಿಕ್ಕಿನಲ್ಲಿ ಚಂದ್ರನೂ ಇರುತ್ತಾನೆ.

ನನಗೆ ತುಂಬಾ ಇಷ್ಟವಾದದ್ದು ಕೃಷ್ಣಾಷ್ಟಮಿ. ಕೃಷ್ಣ ಹುಟ್ಟಿದ್ದು ನಡುರಾತ್ರಿ ಅನ್ನುತ್ತೇವೆ. ಬಹುಳ ಅಷ್ಟಮಿಯ ಚಂದ್ರ ಹುಟ್ಟುವುದೂ ನಡುರಾತ್ರಿಯ ಹೊತ್ತಿಗೇ. ಅರ್ಘ್ಯ ಕೊಟ್ಟು, ಚಕ್ಕುಲಿ ಉಂಡೆ ತಿಂದು ಮಲಗಿದವರು ಬೆಳಿಗ್ಗೆ ಆರಕ್ಕೆ ಅಂಗಳಕ್ಕೆ ಬಂದು ಕತ್ತೆತ್ತಿ ನೋಡಿ. ಮೋಡ ಇಲ್ಲದಿದ್ದರೆ ಅರ್ಧಚಂದ್ರ ನೆತ್ತಿಯ ಹತ್ತಿರ ಇರುತ್ತಾನೆ. ಹನ್ನೊಂದರವರೆಗೂ ಪಶ್ಚಿಮದಲ್ಲಿ ಸಿಗುತ್ತಾನೆ.

ಸಂಕಷ್ಟಿಗೆ ಚಂದ್ರನಿಗಾಗಿ ರಾತ್ರಿ ಒಂಬತ್ತೂವರೆವರೆಗೆ ಕಾಯುತ್ತೇವೆ. ಮೋಡ ಇದ್ದರೆ ಕಾಣುವುದೇ ಇಲ್ಲ. ಬೆಳಿಗ್ಗೆ ಕಾಣುತ್ತಾನಾ?

ಕಾಣುತ್ತಾನೆ. ವ್ರತದ ನಿಯಮ ಮನೆಯ ಹಿರಿಯರನ್ನು ಕೇಳಿ, ಅದು ಬೇರೆ ವಿಷಯ. ರಾತ್ರಿ ನೀವು ಕಾದ ಅದೇ ಚಂದ್ರ ಮಾರನೆಯ ಬೆಳಿಗ್ಗೆ ಎಂಟಕ್ಕೆ ಪಶ್ಚಿಮದಲ್ಲಿ ಇಳಿಯುತ್ತಿರುತ್ತಾನೆ. ನಮ್ಮಮ್ಮ ಎಷ್ಟೋ ವರ್ಷದಿಂದ ಸಂಕಷ್ಟಿ ಮಾಡುತ್ತಾರೆ. ಈಗ ಬೆಳಿಗ್ಗೆ ಹೂ ಕೀಳಲು ಹೋದಾಗ ಇನ್ನೊಂದು ಸಲ ಕೈ ಮುಗಿದು ಬರುತ್ತಾರೆ.

ಗಣೇಶ ಚೌತಿಯ ದಿನ ಹಗಲಲ್ಲಿ ಚಂದ್ರ ಕಂಡುಬಿಟ್ಟರೆ?

ಈ ಪ್ರಶ್ನೆ ಕೇಳುವವರು ಬಹಳ. ಗಣಪನನ್ನು ನೋಡಿ ನಕ್ಕ ಚಂದ್ರನಿಗೆ ಶಾಪ ಬಂತು, ಆ ದಿನ ಚಂದ್ರನನ್ನು ನೋಡಿ ಕೃಷ್ಣನಿಗೇ ಶಮಂತಕ ಮಣಿ ಕದ್ದ ಅಪವಾದ ಬಂತು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಬಹಳ ಜನ ರಾತ್ರಿ ಮಾತ್ರ ತಲೆ ಎತ್ತದೆ ಓಡಾಡುತ್ತಾರೆ. ಲೆಕ್ಕದ ಪ್ರಕಾರ ಅವತ್ತು ಚಂದ್ರ ಬೆಳಿಗ್ಗೆ ಒಂಬತ್ತು, ಒಂಬತ್ತೂವರೆಗೇ ಹುಟ್ಟಿ ಇಡೀ ದಿನ ಆಕಾಶದಲ್ಲಿ ಇರುತ್ತಾನೆ. ರಾತ್ರಿ ಒಂಬತ್ತರ ಸುಮಾರಿಗೆ ಮುಳುಗುತ್ತಾನೆ. ಕೆಲವು ಪಂಚಾಂಗಗಳಲ್ಲಿ ಚಂದ್ರನನ್ನು ನೋಡಬಾರದ ಹೊತ್ತು ಬೆಳಿಗ್ಗೆಯಿಂದಲೇ ಬರೆದಿರುವುದು ಅದಕ್ಕೇ. ಪಂಚಾಂಗ ಬರೆಯುವವರಿಗೆ ಹಗಲು ಚಂದ್ರನ ಲೆಕ್ಕ ಯಾವತ್ತೂ ತಪ್ಪಿಲ್ಲ.

ನಮ್ಮ ಮನೆಯಲ್ಲಿ ಅವತ್ತು ಹಿರಿಯರ ಮಾತಿಗೆ ಬೆಲೆ ಕೊಟ್ಟು ನೋಡುವುದಿಲ್ಲ. ಮಾರನೆಯ ದಿನ ಪಂಚಮಿ, ಅವತ್ತು ಸಂಜೆ ನಾಲ್ಕಕ್ಕೇ ಮಹಡಿ ಹತ್ತುತ್ತೇವೆ.

ಹುಣ್ಣಿಮೆ ಚಂದ್ರ ಹಗಲಲ್ಲಿ ಕಾಣುತ್ತಾನಾ?

ಇಲ್ಲವೆಂದೇ ಹೇಳಬೇಕು. ಹುಣ್ಣಿಮೆಗೆ ಅವನು ಸೂರ್ಯನ ಎದುರುಬದುರು. ಒಬ್ಬ ಮುಳುಗುವಾಗ ಇನ್ನೊಬ್ಬ ಹುಟ್ಟುತ್ತಾನೆ. ಹಿಂದಿನ ದಿನ, ಚತುರ್ದಶಿಯ ಸಂಜೆ, ಸೂರ್ಯ ಮುಳುಗುವ ಮುಕ್ಕಾಲು ಗಂಟೆ ಮುಂಚೆ ಪೂರ್ವಕ್ಕೆ ನೋಡಿ.

ಅಮಾವಾಸ್ಯೆಗೆ ಚಂದ್ರ ಎಲ್ಲಿಗೆ ಹೋಗುತ್ತಾನೆ?

ಎಲ್ಲಿಗೂ ಹೋಗಿರುವುದಿಲ್ಲ. ಹಗಲಿಡೀ ಸೂರ್ಯನ ಪಕ್ಕದಲ್ಲೇ ಇರುತ್ತಾನೆ. ಬಿಸಿಲು ಬಿದ್ದ ಮೈ ಆ ಕಡೆ, ಕತ್ತಲ ಮೈ ನಮ್ಮ ಕಡೆ. ಅದಕ್ಕೇ ಕಾಣುವುದಿಲ್ಲ. ಒಂದೊಂದು ಅಮಾವಾಸ್ಯೆಗೆ ಸರಿಯಾಗಿ ಸೂರ್ಯನಿಗೆ ಅಡ್ಡ ಬಂದಾಗ ಅವನು ಅಲ್ಲೇ ಇದ್ದ ಅನ್ನುವುದು ಗೊತ್ತಾಗುತ್ತದೆ. 1980ರ ಫೆಬ್ರವರಿ 16ರಂದು ಹೀಗೇ ಆಯಿತು. ಉತ್ತರ ಕನ್ನಡದ ಕರಾವಳಿಯಿಂದ ರಾಯಚೂರಿನ ಕಡೆಗೆ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಹಾಡಹಗಲೇ ಕತ್ತಲಾಯಿತು.

ಹಗಲು ಚಂದ್ರನ ಕಲೆಗಳು ಯಾಕೆ ನೀಲಿ? ತೂತು ಬಿದ್ದ ಹಾಗೆ ಕಾಣುತ್ತದೆ.

ಇದು ನನ್ನ ಮಗಳ ಗೆಳತಿಯೊಬ್ಬಳು ಕೇಳಿದ್ದು. ಏಳು ವರ್ಷದ ಹುಡುಗಿ ಇಷ್ಟು ಸರಿಯಾಗಿ ಗಮನಿಸಿದ್ದು ನೋಡಿ ಅವತ್ತು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ನೀಲಿ ಆಕಾಶ ಚಂದ್ರನ ಹಿಂದೆ ಇದೆ ಅಂತ ನಮಗೆ ಅನ್ನಿಸುತ್ತದೆ. ಅದು ಇರುವುದು ಮುಂದೆ. ನಮ್ಮ ಗಾಳಿಯೆಲ್ಲ ಹೆಚ್ಚುಕಡಿಮೆ ಕೆಳಗಿನ ನೂರು ಕಿಲೋಮೀಟರಿನೊಳಗೇ ಮುಗಿಯುತ್ತದೆ. ಚಂದ್ರ ಇರುವುದು ಸುಮಾರು 3,84,400 ಕಿಲೋಮೀಟರ್ ಆಚೆ. ಗಾಳಿಯ ಕಣಗಳು ಸೂರ್ಯನ ಬೆಳಕಿನ ನೀಲಿಯನ್ನು ಜಾಸ್ತಿ ಚೆದುರಿಸುತ್ತವೆ. ಆ ನೀಲಿ ಬೆಳಕು ನಮ್ಮ ಮತ್ತು ಚಂದ್ರನ ನಡುವೆ ತೆಳು ಪರದೆಯ ಹಾಗೆ ನಿಂತಿರುತ್ತದೆ. ಚಂದ್ರನ ಬೆಳಕಾದ ಜಾಗ ಪರದೆ ದಾಟಿ ಬೆಳ್ಳಗೆ ಕಾಣುತ್ತದೆ. ನಮಗೆ ಕಲೆಗಳಾಗಿ ಕಾಣುವ ಕಪ್ಪು ಬಯಲುಗಳಿಂದ ಬರುವ ಬೆಳಕು ಕಡಿಮೆ. ಅಲ್ಲಿ ಪರದೆಯ ನೀಲಿಯೇ ಮೇಲುಗೈ. ಅರ್ಧಚಂದ್ರನ ಕತ್ತಲ ಅರ್ಧದಲ್ಲಂತೂ ಬರೀ ನೀಲಿ. ಅದಕ್ಕೇ ಯಾರೋ ಕತ್ತರಿಸಿ ತೆಗೆದ ಹಾಗೆ ಕಾಣುತ್ತದೆ. ರಾತ್ರಿ ಈ ಪರದೆಗೆ ಬೆಳಕು ಬೀಳುವುದಿಲ್ಲ, ಹಾಗಾಗಿ ಕಲೆಗಳು ಬೂದು ಬಣ್ಣಕ್ಕೆ ಕಾಣುತ್ತವೆ.

ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಅಷ್ಟಮಿಯ ದಿನ ಅದನ್ನು ಕಣ್ಣಿನ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಬಂದಾಗ ಆಕಾಶ ಕಪ್ಪಾಗುತ್ತದೆ, ಚಂದ್ರ ಹಾಗೇ ಉಳಿಯುತ್ತಾನೆ. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ ಈ ಆಟ ಚೆನ್ನಾಗಿ ನಡೆಯುತ್ತದೆ. ಅಷ್ಟಮಿಯ ಚಂದ್ರ ಇರುವುದು ಅಲ್ಲೇ.

ಮಕ್ಕಳಿಗೆ ಚಂದ್ರನ ಆಕಾರ ಬದಲಾಗುವುದನ್ನು ಹೇಗೆ ಹೇಳಿಕೊಡಲಿ? ಭೂಮಿಯ ನೆರಳು ಬಿದ್ದು ಹಾಗಾಗುತ್ತದೆ ಅಂತಾರೆ.

ಭೂಮಿಯ ನೆರಳು ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ. ಮಾತಿನಲ್ಲಿ ಎಷ್ಟು ಹೇಳಿದರೂ ಮಕ್ಕಳಿಗೆ ಇದು ಇಳಿಯುವುದಿಲ್ಲ. ಹಗಲು ಚಂದ್ರ ಇರುವಾಗ ಒಂದು ರವೆ ಉಂಡೆ ತೆಗೆದುಕೊಂಡು ಬಿಸಿಲಿಗೆ ಬನ್ನಿ. ನಿಂಬೆಹಣ್ಣೂ ಆಗುತ್ತದೆ, ಉಂಡೆಯಾದರೆ ಮಕ್ಕಳು ಕೂಡಲೇ ಬರುತ್ತಾರೆ. ಚಂದ್ರನ ಕಡೆ ಕೈ ಚಾಚಿ, ಅವನ ಪಕ್ಕದಲ್ಲೇ ಕಾಣುವ ಹಾಗೆ ಉಂಡೆ ಹಿಡಿಯಿರಿ. ಉಂಡೆಯ ಮೇಲೆ ಬಿಸಿಲು ಬೀಳುತ್ತಿರಬೇಕು.

ಈಗ ನೋಡಿ. ಚಂದ್ರನ ಯಾವ ಪಕ್ಕ ಬೆಳಗಿದೆಯೋ ಉಂಡೆಯದೂ ಅದೇ ಪಕ್ಕ. ಅವನು ಅರ್ಧ ಇದ್ದರೆ ಉಂಡೆಯೂ ಅರ್ಧ. ಅವನು ಮುಕ್ಕಾಲು ಇದ್ದರೆ ಇದೂ ಮುಕ್ಕಾಲು. ಎರಡಕ್ಕೂ ಒಂದೇ ಸೂರ್ಯ, ಬೆಳಕು ಬರುವುದೂ ಒಂದೇ ಕಡೆಯಿಂದ. ರಾತ್ರಿ ಇದನ್ನು ತೋರಿಸಲು ಆಗುವುದಿಲ್ಲ. ನಾನು ಈ ಪುಟ ಬರೆಯಲು ಕೂತಿದ್ದಕ್ಕೆ ಈ ಒಂದು ಉಂಡೆಯೇ ಮುಖ್ಯ ಕಾರಣ. ಬೇರೆ ಏನನ್ನೂ ಮಾಡದಿದ್ದರೂ ಇದೊಂದನ್ನು ದಯವಿಟ್ಟು ಮಾಡಿ.

ಹಗಲು ಚಂದ್ರನಿಂದ ವಿಜ್ಞಾನಕ್ಕೆ ಏನಾದರೂ ಉಪಯೋಗ ಆಗಿದೆಯಾ?

ಆಗಿದೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಗ್ರೀಸಿನ ಸಾಮೋಸ್ ದ್ವೀಪದ ಅರಿಸ್ಟಾರ್ಕಸ್ ಒಂದು ಉಪಾಯ ಹುಡುಕಿದ. ಚಂದ್ರ ಸರಿಯಾಗಿ ಅರ್ಧ ಇರುವಾಗ ಭೂಮಿ, ಚಂದ್ರ, ಸೂರ್ಯ ಸೇರಿ ಒಂದು ಲಂಬಕೋನ ತ್ರಿಕೋನ ಆಗುತ್ತದೆ. ಆಗ ನಮ್ಮಿಂದ ಚಂದ್ರನಿಗೂ ಸೂರ್ಯನಿಗೂ ನಡುವೆ ಇರುವ ಕೋನ ಗೊತ್ತಾದರೆ, ಸೂರ್ಯ ಚಂದ್ರನಿಗಿಂತ ಎಷ್ಟು ಪಟ್ಟು ದೂರ ಅಂತ ಹೇಳಬಹುದು. ಕೋನ ಅಳೆಯಲು ಇಬ್ಬರೂ ಒಟ್ಟಿಗೆ ಆಕಾಶದಲ್ಲಿ ಇರಬೇಕು. ಅಂದರೆ ಹಗಲು ಚಂದ್ರನೇ ಬೇಕು.

ಅವನು 87 ಡಿಗ್ರಿ ಅಂತ ಹಿಡಿದ. ಸೂರ್ಯ 18ರಿಂದ 20 ಪಟ್ಟು ದೂರ ಅಂತ ಬಂತು. ನಿಜವಾದ ಕೋನ 89.85 ಡಿಗ್ರಿ, ದೂರ ಸುಮಾರು 390 ಪಟ್ಟು. ಉತ್ತರ ತಪ್ಪಿತು, ದಾರಿ ತಪ್ಪಲಿಲ್ಲ. ದೂರದರ್ಶಕ ಹುಟ್ಟುವ ಎಷ್ಟೋ ಶತಮಾನಗಳ ಮುಂಚೆ, ಬರೀ ಅರ್ಧಚಂದ್ರನನ್ನು ನೋಡಿ ಸೂರ್ಯನ ದೂರ ಅಳೆಯಬಹುದು ಅಂತ ಒಬ್ಬ ಮನುಷ್ಯನಿಗೆ ಹೊಳೆಯಿತಲ್ಲ!

ಚಂದ್ರಯಾನ-3 ಇಳಿದ ದಿನ ಚಂದ್ರ ಹಗಲಲ್ಲಿ ಕಾಣುತ್ತಿದ್ದನಾ?

ಹೌದು. 2023ರ ಆಗಸ್ಟ್ 23ರ ಸಂಜೆ 6:04ಕ್ಕೆ ವಿಕ್ರಮ್ ಲ್ಯಾಂಡರ್ ಇಳಿಯಿತು. ಅವತ್ತು ನಿಜ ಶ್ರಾವಣ ಶುಕ್ಲ ಸಪ್ತಮಿ. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಚಪ್ಪಾಳೆ ಬೀಳುವಾಗ ಹೊರಗೆ ಸೂರ್ಯ ಇನ್ನೂ ಮುಳುಗಿರಲಿಲ್ಲ. ದಕ್ಷಿಣದ ಕಡೆ, ಸಾಕಷ್ಟು ಎತ್ತರದಲ್ಲಿ, ಅರ್ಧಕ್ಕೆ ಸ್ವಲ್ಪ ಕಡಿಮೆ ಇದ್ದ ಚಂದ್ರ ಆಗಲೇ ಬಂದಾಗಿತ್ತು. ನಾವೆಲ್ಲ ಟಿವಿ ಮುಂದೆ ಕೂತಿದ್ದೆವು.

ಆ ದಿನವನ್ನು ಆರಿಸಿದ್ದಕ್ಕೂ ಚಂದ್ರನ ಆಕಾರಕ್ಕೂ ಸಂಬಂಧ ಇದೆ. ಲ್ಯಾಂಡರ್ ನಡೆಯುವುದು ಬಿಸಿಲಿನಿಂದ. ಅಲ್ಲಿ ಒಂದು ಹಗಲು ಅಂದರೆ ನಮ್ಮ ಸುಮಾರು 14 ದಿನ. ಇಳಿಯುವ ಜಾಗದಲ್ಲಿ ಬೆಳಗಾಗುತ್ತಿದ್ದಂತೆ ಇಳಿದರೆ ಪೂರ್ತಿ ಹಗಲು ಕೆಲಸಕ್ಕೆ ಸಿಗುತ್ತದೆ. ಶುಕ್ಲಪಕ್ಷದ ಚಂದ್ರನಲ್ಲಿ ಬೆಳಕು ಮತ್ತು ಕತ್ತಲು ಸೇರುವ ಗೆರೆ ಇದೆಯಲ್ಲ, ಅಲ್ಲಿ ಆಗಷ್ಟೇ ಸೂರ್ಯೋದಯ. ಸಪ್ತಮಿಯ ಹೊತ್ತಿಗೆ ಆ ಗೆರೆ ವಿಕ್ರಮ್ ಇಳಿಯುವ ಜಾಗವನ್ನು ದಾಟಿಯಾಗಿತ್ತು.

ಹಗಲಲ್ಲಿ ಚಂದ್ರನನ್ನು ನೋಡಿದರೆ ಕಣ್ಣಿಗೆ ತೊಂದರೆ ಇದೆಯಾ?

ಚಂದ್ರನಿಂದ ಏನೂ ತೊಂದರೆ ಇಲ್ಲ. ಭಯ ಇರುವುದು ಸೂರ್ಯನಿಂದ. ಬೈನಾಕ್ಯುಲರ್ ಅಥವಾ ಟೆಲಿಸ್ಕೋಪ್ ತಿರುಗಿಸುವಾಗ ತಪ್ಪಿ ಸೂರ್ಯ ಬಂದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಇದರಲ್ಲಿ ಸಲಿಗೆ ಬೇಡ. ಗೋಡೆಯ ನೆರಳಿನಲ್ಲಿ, ಸೂರ್ಯ ಪೂರ್ತಿ ಮರೆಯಾಗುವ ಜಾಗದಲ್ಲಿ ನಿಂತೇ ನೋಡಿ. ಮಕ್ಕಳ ಕೈಗೆ ಬೈನಾಕ್ಯುಲರ್ ಕೊಟ್ಟು ಒಳಗೆ ಹೋಗಬೇಡಿ. ಬಿದಿಗೆ, ತದಿಗೆಯ ಚಂದ್ರ ಸೂರ್ಯನ ಹತ್ತಿರ ಇರುತ್ತಾನೆ. ಆ ದಿನಗಳಲ್ಲಿ ಸೂರ್ಯ ಮುಳುಗುವವರೆಗೆ ಬೈನಾಕ್ಯುಲರ್ ಮುಟ್ಟಲೇಬೇಡಿ.

ಫೋಟೊ ತೆಗೆಯುವುದು ಹೇಗೆ?

ಫೋನಿನಲ್ಲಿ ಚಂದ್ರನ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಇಳಿಸಿ. ಜೊತೆಗೆ ಒಂದು ತೆಂಗಿನ ಗರಿ, ಗೋಪುರ ಅಥವಾ ನೀರಿನ ಟ್ಯಾಂಕ್ ಇದ್ದರೆ ಚಿತ್ರಕ್ಕೆ ಜೀವ ಬರುತ್ತದೆ. ಕ್ಯಾಮೆರಾ ಇದ್ದವರು ಐಎಸ್ಒ 100, ಎಫ್ 8, ಸೆಕೆಂಡಿನ 125ನೆಯ ಒಂದು ಭಾಗದಿಂದ ಶುರು ಮಾಡಿ. ಸಂಜೆಗಿಂತ ಹಗಲಲ್ಲಿ ಸುಲಭ, ಮರವೂ ಚಂದ್ರನೂ ಒಂದೇ ಬಿಸಿಲಲ್ಲಿ ಇರುತ್ತವೆ.

ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಅವನು ಕಳಿಸಿದ ಫೋಟೊದಲ್ಲಿ ಚಂದ್ರ ತಲೆಕೆಳಗಾಗಿದ್ದಾನೆ. ಯಾಕೆ?

ತಲೆಕೆಳಗಾಗಿರುವುದು ನಿಮ್ಮ ಮಗ! ಭೂಮಿಯ ದಕ್ಷಿಣಾರ್ಧದಲ್ಲಿ ನಿಂತವರಿಗೆ ಚಂದ್ರ ಉತ್ತರದ ಕಡೆ ಹಾದುಹೋಗುತ್ತಾನೆ. ಬೆಳಗಿದ ಪಕ್ಕ, ಕಲೆಗಳು ಎಲ್ಲ ಅದಲುಬದಲು ಕಾಣುತ್ತವೆ. ಆದರೆ ಎಷ್ಟು ಪಾಲು ಬೆಳಗಿದೆ ಅನ್ನುವುದು ಇಬ್ಬರಿಗೂ ಒಂದೇ.

ಚಂದ್ರನ ಹೊರತು ಹಗಲಲ್ಲಿ ಬೇರೆ ಏನಾದರೂ ಕಾಣುತ್ತದಾ?

ಶುಕ್ರ ಗ್ರಹ. ಬರಿಗಣ್ಣಿಗೇ ಕಾಣುತ್ತದೆ. ಕಷ್ಟ ಇರುವುದು ಹುಡುಕುವುದರಲ್ಲಿ. ಖಾಲಿ ನೀಲಿಯಲ್ಲಿ ನಮ್ಮ ಕಣ್ಣಿಗೆ ಎಷ್ಟು ದೂರಕ್ಕೆ ನೋಟ ನಿಲ್ಲಿಸಬೇಕು ಅಂತ ತಿಳಿಯುವುದಿಲ್ಲ. ಇಲ್ಲಿ ಚಂದ್ರ ಸಹಾಯಕ್ಕೆ ಬರುತ್ತಾನೆ. ಅವನು ಶುಕ್ರನ ಹತ್ತಿರ ಹಾದುಹೋಗುವ ದಿನ ಬೆಳಗಿನ ಜಾವವೇ ಇಬ್ಬರನ್ನೂ ನೋಡಿಟ್ಟುಕೊಳ್ಳಿ. ಚಂದ್ರನಿಂದ ಎಷ್ಟು ಬೆರಳು ದೂರ, ಯಾವ ಕಡೆ ಅಂತ ಕೈ ಚಾಚಿ ಅಳೆಯಿರಿ. ಚಾಚಿದ ಕೈಯ ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ, ಚಂದ್ರ ಅದರಲ್ಲಿ ಅರ್ಧ. ಸೂರ್ಯ ಹುಟ್ಟಿದ ಮೇಲೆ ನೆರಳಲ್ಲಿ ನಿಂತು, ಮೊದಲು ಚಂದ್ರನನ್ನು ನೋಡಿ, ಅಲ್ಲಿಂದ ಅಷ್ಟೇ ಬೆರಳು ಸರಿಯಿರಿ.

ನಾವು ಹೀಗೆ ಹುಡುಕಿದ್ದು ಒಂದು ಭಾನುವಾರ ಬೆಳಿಗ್ಗೆ, ನೀರಿನ ಟ್ಯಾಂಕಿನ ನೆರಳಲ್ಲಿ ನಿಂತು. ಮಗಳಿಗೆ ಮೊದಲು ಸಿಕ್ಕಿತು. "ಅಪ್ಪಾ, ಸೂಜಿಯ ತುದಿಯಷ್ಟಿದೆ, ಚಂದಮಾಮನ ಎಡಗಡೆ ಮೂರು ಬೆರಳು" ಅಂದಳು. ನಾನು ಅವಳ ಕೈ ಹಿಡಿದುಕೊಂಡು ಮೂರು ಬೆರಳು ಎಣಿಸಿದೆ. ಅಲ್ಲೇ ಇತ್ತು.